ನಿಂತಲ್ಲಿ ನಡುಗುವ ಕಾರು

ನಮ್ಮ ಕಾರು ಓಡುವಾಗ ನಡುಗುತ್ತಿರಲಿಲ್ಲ, ನಿಂತಾಗ ನಡುಗುತ್ತಿತ್ತು. ಸೀತಾಬರ್ಡಿಯ ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿ ನಿಂತರೆ ಸಾಕು, ಸ್ಟೀರಿಂಗು, ಸೀಟು, ಕಿಟಕಿಯ ಗಾಜು ಎಲ್ಲ ಗಡಗಡ ಅನ್ನಲು ಶುರು. ತೊಡೆಯ ಮೇಲಿಟ್ಟುಕೊಂಡ ನನ್ನ ಊಟದ ಡಬ್ಬಿಯ ಮುಚ್ಚಳವೂ ಕುಣಿಯುತ್ತಿತ್ತು. ಪಕ್ಕದಲ್ಲಿ ನಿಂತ ಆಟೋದವನು ತಿರುಗಿ ನಮ್ಮನ್ನು ನೋಡುತ್ತಿದ್ದ. ಆಟೋದವನಿಗೇ ನಮ್ಮ ಗಾಡಿ ವಿಚಿತ್ರವಾಗಿ ಕಂಡಿತೆಂದರೆ ಇನ್ನೇನು ಹೇಳಲಿ! ಮಾರಿಬಿಡಿ ಎಂದು ಹೇಳಿ ಹೇಳಿ ನನ್ನ ಬಾಯಿ ನೋಯಿತು. ನನ್ನ ಗಂಡ ಕೇಳುವವರಲ್ಲ. ನಾಗಪುರಕ್ಕೆ ವರ್ಗವಾಗಿ ಬಂದ ಹೊಸತರಲ್ಲಿ ಕೊಂಡ ಗಾಡಿ ಅದು, ಮಕ್ಕಳಿಗಿಂತ ಹೆಚ್ಚು ಅದರ ಮೇಲೆ ಜೀವ.

ಆದರೆ ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ಕಾರಲ್ಲ. ಆ ಬೇಸಿಗೆಯಲ್ಲಿ ಒಂದು ಸಂಜೆ ಅವರು ಟೀವಿ ಮುಂದೆ ಸುಮ್ಮನೆ ಕೂತಿದ್ದಾಗ, ತೊಡೆಯ ಮೇಲಿದ್ದ ಬಲಗೈ ತನ್ನಷ್ಟಕ್ಕೆ ತಾನೇ ನಡುಗುವುದನ್ನು ಕಂಡೆ. ಹೆಬ್ಬೆರಳು ತೋರುಬೆರಳನ್ನು ಸವರುತ್ತಲೇ ಇತ್ತು.

"ಕೈ ಯಾಕ ಹಂಗ ನಡಗಾಕತ್ತೈತ್ರಿ?" ಎಂದು ಕೇಳಿದೆ.

"ಆ ಹಾಳ ಸ್ಟೀರಿಂಗ್ ಹಿಡದು ಹಿಡದು ಜೋಮು ಹಿಡದೈತಿ. ಗಾಡಿ ಬರೋಬರ್ ಆಗ್ಲಿ, ಕೈನೂ ಬರೋಬರ್ ಆಗ್ತೈತಿ," ಎಂದು ಕೈಯನ್ನು ಜೇಬಿಗೆ ಹಾಕಿಕೊಂಡರು.

ಅವರ ಅಣ್ಣನಿಗೂ ಹೀಗೇ ಒಂದು ಕೈಯಿಂದ ಶುರುವಾಗಿತ್ತು. ಕಡೆಕಡೆಗೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಆಗದೆ ಆ ಮನುಷ್ಯ ಪಟ್ಟ ಪಾಡನ್ನು ನಾವಿಬ್ಬರೂ ಕಂಡವರು. ಆ ಮಾತನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಡಾಕ್ಟರಿಗೆ ತೋರಿಸೋಣ ಎಂದಾಗಲೆಲ್ಲ "ಮೊದಲ ಗಾಡಿ" ಎನ್ನುವರು. ನಿವೃತ್ತಿಯಾದ ಮೇಲೆ ಬೆಳಿಗ್ಗೆ ನನ್ನನ್ನು ಲಕ್ಷ್ಮೀ ನಗರದ ಮನೆಯಿಂದ ನಾನು ಗಣಿತ ಕಲಿಸುವ ಶಾಲೆಗೆ ಬಿಡುವುದು, ಮಧ್ಯಾಹ್ನ ಕರೆತರುವುದು, ಇದನ್ನೇ ಅವರು ತಮ್ಮ ಡ್ಯೂಟಿ ಎಂದುಕೊಂಡಿದ್ದರು. ನನಗೂ ಲೈಸೆನ್ಸ್ ಇದೆ, ಗಾಡಿ ಓಡಿಸಲು ಬರುತ್ತದೆ. ಆದರೂ ಕೀಲಿ ಕೊಡುವವರಲ್ಲ. ಕಾರಿನ ನಡುಕ ನಿಂತ ಮೇಲೂ ಕೈ ನಡುಗಿದರೆ ಏನರ್ಥ ಎನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು. ಆ ಡ್ಯೂಟಿ ಮುಗಿಯಿತು, ಅಷ್ಟೇ.

ಹಾಗಾಗಿ ಮಳೆಗಾಲದುದ್ದಕ್ಕೂ ನಾವು ಗ್ಯಾರೇಜಿಗೆ ಅಲೆದೆವು. ಶಾಲೆ ಬಿಟ್ಟೊಡನೆ, ಮನೆಗೂ ಹೋಗದೆ, ಸೀದಾ ಅಲ್ಲಿಗೆ. "ಕಾಕೂ, ಬಸಾ," ಎಂದು ಮೇಸ್ತ್ರಿ ಪ್ಲಾಸ್ಟಿಕ್ ಕುರ್ಚಿ ಕೊಡುವನು. ಚಿಕ್ಕಮ್ಮಾ, ಕೂತುಕೊಳ್ಳಿ ಅಂತ. ನಮ್ಮ ವಯಸ್ಸಿನವನೇ, ನನಗೇನು ಕಾಕೂ ಅನ್ನುತ್ತಾನೆ ಎಂದು ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ಸಿಟ್ಟಿಗೂ ತ್ರಾಣ ಉಳಿಯಲಿಲ್ಲ. ಪ್ಲಗ್ ಬದಲಿಸಿದ. ನಡುಕ ಹಾಗೇ ಇತ್ತು. ಎಂಜಿನ್ನು ಕೂತಿರುವ ರಬ್ಬರ್ ಮೌಂಟಿಂಗ್ ಸತ್ತಿದೆ ಎಂದು ಅದನ್ನೂ ಬದಲಿಸಿದ. ಒಂದು ವಾರ ಚಲೋ ಅನ್ನಿಸಿತು, ಮತ್ತೆ ಅದೇ ರಾಗ. ಕಾರ್ಬೊರೇಟರ್ ಬಿಚ್ಚಿ ತೊಳೆದ. ನಾನು ಕುರ್ಚಿಯಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತ, ಕಿವಿ ಮಾತ್ರ ಎಂಜಿನ್ನಿನ ಕಡೆ ಇಟ್ಟು, ಈಗ ಸರಿಯಾಯಿತೇನೋ, ಈಗ ಆಯಿತೇನೋ ಎಂದು ಕಾಯುತ್ತಿದ್ದೆ. ಮನೆಗೆ ಬಂದರೆ ಅಡುಗೆ ಮಾಡಲು ಕೈ ಏಳುತ್ತಿರಲಿಲ್ಲ. ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿತ್ತು.

ಕೊನೆಗೆ ಮೇಸ್ತ್ರಿ ಸೊಂಟದ ಮೇಲೆ ಕೈಯಿಟ್ಟು, "ಸಾಹೇಬ್, ಗಾಡಿ ಕಹೀಂ ಸೇ ಹವಾ ಖಾ ರಹೀ ಹೈ," ಎಂದ. ಎಲ್ಲಿಂದಲೋ ಗಾಳಿ ತಿನ್ನುತ್ತಿದೆ ಅಂತ. ಎಂಜಿನ್ನು ಅಳತೆಯ ಪ್ರಕಾರ ಗಾಳಿ ಎಳೆದುಕೊಳ್ಳುತ್ತದೆ, ಯಾವುದೋ ಪೈಪು ಸೀಳಿದ್ದರೆ ಲೆಕ್ಕಕ್ಕಿಲ್ಲದ ಗಾಳಿ ಒಳಗೆ ನುಗ್ಗುತ್ತದೆ, ಜೋರಾಗಿ ಓಡುವಾಗ ಅದು ಗೊತ್ತಾಗುವುದಿಲ್ಲ, ನಿಂತಾಗ ಮಾತ್ರ ಎಂಜಿನ್ನು ತಡವರಿಸುತ್ತದೆ ಎಂದು ನನ್ನ ಗಂಡ ಬಿಡಿಸಿ ಹೇಳಿದರು. ಮೇಸ್ತ್ರಿ ಪೈಪುಗಳ ಮೇಲೆಲ್ಲ ಏನನ್ನೋ ಚಿಮುಕಿಸಿ ಚಿಮುಕಿಸಿ ಹುಡುಕಿದ. ಸಿಗಲಿಲ್ಲ. ನಾಗಪುರದ ಬಿಸಿಲಿಗೆ ರಬ್ಬರೆಲ್ಲ ಒಣಗಿ ಕಟ್ಟಿಗೆಯಾಗಿದೆ, ಯಾವುದೆಂದು ಹೇಳಲಿ ಎಂದು ಕೈಚೆಲ್ಲಿದ.

ಆ ದಿನಗಳಲ್ಲೇ ಇವರು ಒಂದು ಬೆಳಿಗ್ಗೆ, "ಬ್ರೇಕ್ ಭಾಳ ಗಟ್ಟಿ ಆಗೈತಲಾ, ಒತ್ತಾಕ ಆಗವಲ್ದು," ಎಂದರು. ನಾನು ಹೂಂ ಅಂದೆ. ಕೈ ಆಯಿತು, ಈಗ ಕಾಲಿನ ಶಕ್ತಿಯೂ ಹೋಗುತ್ತಿದೆ ಎಂದುಕೊಂಡೆ. ಆ ದಿನ ಹಲಗೆಯ ಮೇಲೆ ಒಂದು ಸುಲಭದ ಲೆಕ್ಕ ತಪ್ಪು ಮಾಡಿ ಮಕ್ಕಳ ನಗೆಗೆ ಗುರಿಯಾದೆ.

ಖಂಡೇಪೂಜೆ, ಅಂದರೆ ಆಯುಧಪೂಜೆ, ಬಂತು. ನಮ್ಮ ಬಿಲ್ಡಿಂಗಿನವರೆಲ್ಲ ಗಾಡಿಪೂಜೆ ಮಾಡುವುದು ದಸರೆಯ ದಿನ. ಕರ್ನಾಟಕದವರು ನಾವು ಒಂದು ದಿನ ಮೊದಲೇ ಮಾಡುತ್ತೇವೆ, ವಾಚ್‌ಮನ್ ಪ್ರತಿ ವರ್ಷ "ಆಜ್ ಹೀ?", ಇವತ್ತೇ ಏನು, ಎಂದು ಕೇಳಿಯೇ ಕೇಳುತ್ತಾನೆ. ಇನ್ನೊಂದು ವಿಚಿತ್ರ ನಮ್ಮ ಮನೆಯದೇ. ಮಾವನವರದು ಊರಿನಲ್ಲಿ ಹಿಟ್ಟಿನ ಗಿರಣಿ. ನಿಂತ ಗಿರಣಿಗೆ ಊದಿನಕಡ್ಡಿ ಬೆಳಗಬಾರದು, ಮಷೀನು ಚಾಲೂ ಇದ್ದಾಗಲೇ ಬೆಳಗಬೇಕು ಎಂದು ಅವರ ಹಟ. ಮಗ ಆ ಹಟವನ್ನು ಹಾಗೇ ಕಾರಿಗೆ ತಂದರು. ಬಾನೆಟ್ ಎತ್ತಿ, ಎಂಜಿನ್ ಚಾಲೂ ಮಾಡಿ, ಅದರ ಸುತ್ತ ಊದಿನಕಡ್ಡಿ ಬೆಳಗುತ್ತಾರೆ. ಪೆಟ್ರೋಲ್ ಗಾಡಿ, ಬೆಂಕಿ ಹಚ್ಚಿಕೊಂಡೀರಿ ಎಂದು ನಾನು ವರ್ಷವೂ ಬೈಯುತ್ತೇನೆ. ಬೈಯುವುದೂ ಪೂಜೆಯ ಒಂದು ಭಾಗವಾಗಿಬಿಟ್ಟಿದೆ.

ಈ ಸಲ ಬೈಯಲಿಲ್ಲ. ಅವರ ಕೈಯಲ್ಲಿ ಕಡ್ಡಿ ಅದುರುತ್ತಿತ್ತು. ಬೂದಿ ಬ್ಯಾಟರಿಯ ಮೇಲೆ, ಚೆಂಡುಹೂವಿನ ಮಾಲೆಯ ಮೇಲೆ ಉದುರುತ್ತಿತ್ತು. ಅವರು ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡರು. ನೋಡಲಾಗದೆ, "ಇಲ್ಲಿ ಕೊಡ್ರಿ," ಎಂದು ಕಡ್ಡಿ ಇಸಿದುಕೊಂಡೆ. ಕೊಟ್ಟುಬಿಟ್ಟರು. ಅವರು ಜಗಳವಾಡಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ನಾನು ಕಡ್ಡಿ ಹಿಡಿದು ಬಾಗಿದೆ. ಹೊಗೆ ನೆಟ್ಟಗೆ ಮೇಲೇರುತ್ತಿತ್ತು. ಎಂಜಿನ್ನಿನ ಹಿಂಬದಿಗೆ, ಒಂದು ದಪ್ಪ ಕರಿ ಪೈಪಿನ ಬಳಿಗೆ ಕೈ ಹೋದೊಡನೆ ಹೊಗೆ ಸರಕ್ಕನೆ ಬಾಗಿ, ಪೈಪಿನ ತಳಕ್ಕೆ ಇಳಿದು ಕಾಣೆಯಾಯಿತು. ಕಡ್ಡಿಯನ್ನು ದೂರ ಒಯ್ದೆ, ಹೊಗೆ ನೆಟ್ಟಗಾಯಿತು. ಹತ್ತಿರ ತಂದೆ, ಮತ್ತೆ ಒಳಗೆ ಹೋಯಿತು.

"ಅಯ್ಯ, ಇಲ್ಲಿ ನೋಡ್ರಿ! ಹೊಗಿ ಒಳಗ ಎಳಕೊಳ್ಳಾಕತ್ತೈತಿ!"

ಅವರು ಬಾಗಿ ನೋಡಿದರು. ಕಣ್ಣು ಅರಳಿತು. "ಇದು ಬ್ರೇಕಿಗೆ ಹೋಗೋ ಪೈಪು," ಎಂದರು. ಎಂಜಿನ್ನು ಎಳೆಯುವ ಗಾಳಿಯ ಬಲದಿಂದಲೇ ಬ್ರೇಕು ಹಗುರಾಗುವುದಂತೆ. ಅದರ ಪೈಪು ಸೀಳಿದರೆ ಬ್ರೇಕೂ ಗಟ್ಟಿ, ಎಂಜಿನ್ನೂ ನಡುಗುತ್ತದೆ. "ನೋಡಿದ್ಯಾ? ಅಷ್ಟ ದಿನಾ ನಾ ಹೇಳಿದ್ನೋ ಇಲ್ಲೋ, ಬ್ರೇಕ್ ಗಟ್ಟಿ ಐತಿ ಅಂತ!"

ಅಂದರೆ ಕಾಲು ಗಟ್ಟಿಯಾಗಿಯೇ ಇತ್ತು! ನನಗೆ ಅಲ್ಲೇ ಪಾರ್ಕಿಂಗಿನಲ್ಲಿ ಕೂತುಬಿಡುವಷ್ಟು ಸಂತೋಷವಾಯಿತು. ಕಾಲಿನ ದೋಷ ಎಂದು ನಾನು ಅಂದುಕೊಂಡಿದ್ದು ಕಾರಿನದಾಗಿತ್ತು. ಹಾಗಾದರೆ ಕೈಯ ದೋಷವೂ ಕಾರಿನದೇ ಯಾಕಾಗಬಾರದು? ಗಣಿತ ಕಲಿಸುವವಳು ನಾನು, ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ತಿಳಿಯದವಳಲ್ಲ. ಆದರೂ ಆ ಹಬ್ಬದ ಎರಡು ದಿನ ನಾನು ಅದನ್ನು ನಂಬಿದೆ. ಹೋಳಿಗೆ ಮಾಡಿದೆ. ಅವರು ಎಂದಿಗಿಂತ ಒಂದು ಹೆಚ್ಚೇ ತಿಂದರು.

ದಸರೆ ಮುಗಿದ ಮರುದಿನ ಗ್ಯಾರೇಜು ತೆರೆಯಿತು. ಮೇಸ್ತ್ರಿ ಆ ಪೈಪನ್ನು ಇಕ್ಕಳದಿಂದ ಅದುಮಿ ಹಿಡಿದ, ಎಂಜಿನ್ನಿನ ನಡುಕ ಆ ಕ್ಷಣವೇ ನಿಂತಿತು. ಪೈಪು ಬಿಚ್ಚಿ ಮಗುಚಿ ತೋರಿಸಿದ. ಕೆಳಮಗ್ಗುಲಿಗೆ ಉದ್ದಕ್ಕೆ ಸೀಳಿತ್ತು, ಮೇಲಿನಿಂದ ಎಷ್ಟು ನೋಡಿದರೂ ಕಾಣುವಂತಿರಲಿಲ್ಲ. ಊದಿನಕಡ್ಡಿಯ ಕಥೆ ಕೇಳಿ, "ಕಾಕೂ, ತುಮ್ಹೀಚ್ ಯಾ ಆತಾ ಕಾಮಾಲಾ," ಎಂದು ನಕ್ಕ. ನೀವೇ ಬನ್ನಿ ಕೆಲಸಕ್ಕೆ ಅಂತ. ನಾವೂ ನಕ್ಕೆವು. ಹೊಸ ಪೈಪು ಹಾಕಿದ.

ಮನೆಯ ಕಡೆ ಹೊರಟೆವು. ಇವರು ದಾರಿಯುದ್ದಕ್ಕೂ ಮಾತಾಡಿದರು. ಬ್ರೇಕು ಬೆಣ್ಣೆಯಂತಾಗಿದೆ, ಇನ್ನೂ ಹತ್ತು ವರ್ಷ ಈ ಗಾಡಿಗೆ ಸಾವಿಲ್ಲ, ಚಳಿಗಾಲದಲ್ಲಿ ಊರ ಕಡೆ, ಸೀದಾ ವಿಜಯಪುರಕ್ಕೆ ಹೋಗಿಬರೋಣ, ಹೀಗೇ. ನಾನು ತಲೆಯನ್ನು ಸೀಟಿಗೆ ಒರಗಿಸಿ ಕೇಳುತ್ತಿದ್ದೆ. ಎಷ್ಟೋ ತಿಂಗಳ ಮೇಲೆ ಕಣ್ಣುಗಳು ತಾವಾಗಿ ಮುಚ್ಚುತ್ತಿದ್ದವು.

ಸಿಗ್ನಲ್ ಕೆಂಪಾಯಿತು. ಬ್ರೇಕ್ ಒತ್ತಿ ನಿಂತರು. ಏನೂ ನಡುಗಲಿಲ್ಲ. ಎಷ್ಟು ನಿಶ್ಶಬ್ದವೆಂದರೆ, ಗಾಡಿ ಬಂದ್ ಬಿತ್ತೆಂದು ತಿಳಿದು ಅವರ ಬಲಗೈ ಕೀಲಿಗೆ ಹೋಯಿತು.

"ಚಾಲೂನ ಐತ್ರಿ," ಎಂದೆ.

"ಹೌದಲ," ಎಂದರು. ಕೈ ಕೀಲಿಯ ಮೇಲೆಯೇ ಉಳಿಯಿತು.

ಆಗ ಆ ಸದ್ದು ಕೇಳಿಸಿತು. ಅವರ ಬೆರಳುಗಳ ಕೆಳಗೆ ಕೀಲಿಗೊಂಚಲು ಕಿಣಿಕಿಣಿ ಎನ್ನುತ್ತಿತ್ತು. ಕಾರಿನಲ್ಲಿ ಬೇರೆ ಯಾವ ಸದ್ದೂ ಇರಲಿಲ್ಲ. ಅವರು ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಕೈ ತೆಗೆದರು, ಗೊಂಚಲು ನಿಂತಿತು.

"ಗಾಡಿದು ಆತು," ಎಂದರು. "ಇನ್ನ ನನ್ನ ಕೈ ತೋರಸೂನು."

ದೀಪ ಹಸಿರಾಯಿತು. ಚೌಕ ದಾಟಿ ಪಕ್ಕಕ್ಕೆ ನಿಲ್ಲಿಸಿದರು. ಇಳಿದು ಸುತ್ತು ಹಾಕಿ ಬಂದು ನನ್ನ ಕಡೆಯ ಬಾಗಿಲು ತೆರೆದರು. ನಾನು ಏಳಲಿಲ್ಲ. ಎದ್ದು ಸ್ಟೀರಿಂಗಿನ ಮುಂದೆ ಕೂತೆನೆಂದರೆ ಅವರ ಡ್ಯೂಟಿ ಮುಗಿಯಿತು ಎಂದು ಗೊತ್ತಿತ್ತು, ಅಳು ಬಂದುಬಿಟ್ಟಿತ್ತು, ಸೆರಗಿನಿಂದ ಒರೆಸಿಕೊಂಡಷ್ಟೂ ಬರುತ್ತಿತ್ತು.

"ಏಳ, ಇಲ್ಲಿ ಭಾಳ ಹೊತ್ತು ನಿಲ್ಲಸಾಕ ಬಿಡಂಗಿಲ್ಲ," ಎಂದರು.