ನಪ್ಶಾದಿ ಹೊಡೆದ ಹಸು

ನಪ್ಶಾದಿಗೆ ಎಪ್ಪತ್ತಮೂರು ವರ್ಷ. ಮಂಗಳವಾರ ಬಂತೆಂದರೆ ಚರ್ಚಿನ ಹಿಂದಿನ ಹಾಲ್‌ಗೆ ಹೋಗುತ್ತಾಳೆ, ಹೋದಾಗಲೆಲ್ಲ ಮುಖ ಸಿಂಡರಿಸಿಕೊಂಡೇ ವಾಪಸು ಬರುತ್ತಾಳೆ. ಅಲ್ಲಿ ಮುದುಕ ಮುದುಕಿಯರ ಆರೋಗ್ಯಕ್ಕೆಂದು ಹಳೆಯ ಆಟ, ಹಾಡು, ಕುಣಿತ ನಡೆಸುತ್ತಾರೆ. ನಡೆಸುವವಳು ಪೊಲೊಕ್ವಾನೆ ಪಟ್ಟಣದಿಂದ ಬರುವ ಖುತ್ಸೊ ಎಂಬ ಹುಡುಗಿ. ಮೊದಲು ಎಲ್ಲರ ಬಿಪಿ ನೋಡುತ್ತಾಳೆ. ಆಮೇಲೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಸಾಲಾಗಿ ಕೂರಿಸಿ, ಫೋನಿನಲ್ಲಿ ಡೋಲಿನ ಸದ್ದು ಹಾಕಿ, "ಕೈ ಮೇಲೆ, ಕೈ ಕೆಳಗೆ, ಶಭಾಷ್ ಅಜ್ಜೀ!" ಅನ್ನುತ್ತಾಳೆ. ನೆಲ ಅದುರುವ ಹಾಗೆ ಕುಣಿದು ಊರ ಮದುವೆಗಳಿಗೆಲ್ಲ ಕಳೆ ತಂದ ಹೆಂಗಸರು ನೊಣ ಓಡಿಸುವವರ ಹಾಗೆ ಕೈಯಾಡಿಸುವುದನ್ನು ನೋಡಲಾಗದೆ ನಪ್ಶಾದಿ ಗೋಡೆಯ ಕಡೆ ಮುಖ ತಿರುಗಿಸುತ್ತಾಳೆ. ನಿಜವಾದ ಡೋಲು ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದೆ. ಸದ್ದು ಜಾಸ್ತಿಯಾದರೆ ಎದೆಗೆ ಒಳ್ಳೆಯದಲ್ಲವಂತೆ!

ಆದರೂ ಹೋಗುತ್ತಾಳೆ. ಹೊರಗೆ ಮರುಲಾ ಮರದ ಕೆಳಗೆ ಮೊರಬರಬ ಆಟದ ಹಲಗೆ ಇದೆಯಲ್ಲ, ಅದಕ್ಕೆ.

ಅವಳ ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ, ಹಾಗಾಗಿ ದನ ಕಾಯಲು ಇವಳೇ ಹೋದಳು. ಆಟ ಕಲಿತದ್ದು ಅಲ್ಲಿ, ದನ ಕಾಯುವ ಹುಡುಗರ ಜೊತೆ. ಬಂಡೆಯ ಮೇಲೆ ಗೆರೆ ಗೀಚಿ, ಒಬ್ಬೊಬ್ಬರು ಹನ್ನೆರಡು ಕಲ್ಲು ಹಿಡಿದು ಕೂರುವುದು. ಕಲ್ಲಿಗೆ ಹಸು ಎಂದೇ ಹೆಸರು. ಮೂರು ಹಸು ಒಂದು ಸಾಲಿಗೆ ಬಂದರೆ ಎದುರಿನವನದೊಂದನ್ನು ಹೊಡೆಯಬಹುದು, ಎರಡೇ ಉಳಿದವನು ಸೋತ. ಸೋತವನು ಎದ್ದು ಓಡಿ, ಹೊಲಕ್ಕೆ ನುಗ್ಗುವ ನಿಜವಾದ ದನಗಳನ್ನು ತಿರುಗಿಸಿಕೊಂಡು ಬರಬೇಕು. ನಪ್ಶಾದಿ ಎರಡು ವರ್ಷ ಬಂಡೆ ಬಿಟ್ಟು ಎದ್ದದ್ದೇ ಇಲ್ಲ. ಎಲ್ಲರಿಗಿಂತ ಹೆಚ್ಚು ಓಡಿದವನು ಮತ್ಸೊಬಾನೆ.

ಅದೇ ಮತ್ಸೊಬಾನೆ ಬಸ್ ಓಡಿಸಿ ನಿವೃತ್ತನಾಗಿ ಈಗ ಹಿರಿಯರ ಸಂಘದ ಅಧ್ಯಕ್ಷ. ಹೊಟ್ಟೆ ಮುಂದೆ ಬಂದಿದೆ, ಬುದ್ಧಿ ಮಾತ್ರ ಇದ್ದಲ್ಲೇ ಇದೆ. ಮುಂದಿನ ತಿಂಗಳು ಜಿಲ್ಲೆಯ ಹಿರಿಯರ ಆಟಕೂಟ. ಮೊರಬರಬಕ್ಕೆ ಒಂದೂರಿನಿಂದ ಒಬ್ಬರೇ. ಆ ಒಬ್ಬಳು ತಾನಾಗಬೇಕೆಂದು ನಪ್ಶಾದಿ ಹಟ ಹಿಡಿದಳು. ಬದುಕಿನಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ.

"ಅಕ್ಕಾ, ಹೆಂಗಸರಿಗೆ ಹಾಡು ಕುಣಿತ ಇದೆಯಲ್ಲ," ಎಂದ ಮತ್ಸೊಬಾನೆ. "ಹಸು ಗಂಡಸರ ವಿಷ್ಯ."

"ಹೌದೇನೋ? ಹಸು ಹಿಂದೆ ಓಡಿ ಓಡಿ ಏದುಸಿರು ಬಿಡ್ತಿದ್ದೋನು ಯಾರು ಅಂತ ಎಲ್ಲರ ಮುಂದೆ ಹೇಳ್ಲಾ?"

ಹೆಂಗಸರು ಶಾಲಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಖುತ್ಸೊ ಓಡಿ ಬಂದಳು. "ಜಗಳ ಬೇಡ. ಇಬ್ಬರೂ ಒಂದಾಟ ಆಡಿ, ಗೆದ್ದವರು ಹೋಗ್ಲಿ. ಆದ್ರೆ ಇಲ್ಲಿ ಎಲ್ಲರೂ ಗೆದ್ದ ಹಾಗೇನೇ, ಆಯ್ತಾ?"

"ಎಲ್ಲರೂ ಗೆಲ್ಲೋ ಆಟನ ನೀನೇ ಆಡ್ಕೋ ಮಗಳೇ," ಎಂದು ನಪ್ಶಾದಿ ಹಲಗೆಯ ಮುಂದೆ ಕೂತಳು.

ಮತ್ಸೊಬಾನೆಯ ಬೆನ್ನ ಹಿಂದೆ ಐದು ಮುದುಕರು ನಿಂತರು. "ಮೂಲೇಲಿಡು", "ಅದನ್ನ ಮುಟ್ಬೇಡ" ಎಂದು ಐದು ಬಾಯಿಗಳೂ ಒಟ್ಟಿಗೆ ಹೇಳಿಕೊಟ್ಟವು. ಅವಳು ನೀರು ಕುಡಿಯಲು ತಿರುಗಿದ್ದೇ ತಡ, ಹೊಡೆದು ಹೊರಗಿಟ್ಟಿದ್ದ ಕಲ್ಲೊಂದು ಸದ್ದಿಲ್ಲದೆ ಹಲಗೆಗೆ ಬಂದು ಕೂತಿತು. ನಪ್ಶಾದಿ ಅದನ್ನೆತ್ತಿ ಬೇಲಿಯಾಚೆ ಎಸೆದಳು. "ಸತ್ತ ಹಸು ಎದ್ದು ಬಂದಿದ್ದನ್ನ ಇವತ್ತೇ ನೋಡಿದ್ದು. ಥೂ, ಈ ವಯಸ್ಸಲ್ಲೂ ನಾಚಿಕೆ ಆಗಲ್ವಾ ನಿಮಗೆ?" ಒಬ್ಬನಿಗೂ ನಾಚಿಕೆಯಾಗಲಿಲ್ಲ.

ಕೊನೆಗೆ ಅವನಿಗೆ ಉಳಿದದ್ದು ಮೂರೇ ಹಸು. ಅವಳು ಕೈಯಲ್ಲಿದ್ದ ಕಲ್ಲನ್ನು ಒಂದು ಮನೆ ಆಚೆಗಿಟ್ಟರೆ ಸಾಲು ಕೂಡುತ್ತದೆ, ಆಟ ಮುಗಿಯುತ್ತದೆ. ಮತ್ಸೊಬಾನೆ ಹಲಗೆಯ ಮೇಲೆ ಬಾಗಿ ಹಲ್ಲು ಗಿಂಜಿದ.

"ಬಿಟ್ಕೊಡೇ ಅಕ್ಕಾ. ನಾನೇ ಹೋಗೋದು ಅಂತ ಮೊಮ್ಮಕ್ಕಳಿಗೆಲ್ಲ ಹೇಳ್ಬಿಟ್ಟಿದ್ದೀನಿ. ಸೋತು ಕೊಡೋದು ನಿಂಗೇನು ಹೊಸದಾ? ಲೆಸಿಬಾಗೆ ನಲವತ್ತು ವರ್ಷ ಸೋತು ಕೊಟ್ಟೆಯಲ್ಲ."

ಅವಳ ಕೈ ನಿಂತಿತು. ಲೆಸಿಬಾ ಅವಳ ಗಂಡ, ಸತ್ತು ಒಂಬತ್ತು ವರ್ಷ. ಮದುವೆಯಾದ ಹೊಸದರಲ್ಲಿ ಒಮ್ಮೆ ಅವನನ್ನು ಗೆದ್ದಿದ್ದಳು. ಅವನು ಎರಡು ದಿನ ಗಂಜಿ ಮುಟ್ಟಲಿಲ್ಲ. ಆಮೇಲೆ ಪ್ರತಿ ಭಾನುವಾರ ಅವಳು ಬೇಕೆಂದೇ ಒಂದು ಹಸುವನ್ನು ತಪ್ಪು ಮನೆಯಲ್ಲಿಡುತ್ತಿದ್ದಳು, ಅವನಿಗೆ ಗೊತ್ತಾಗದ ಹಾಗೆ. ಮನೆಯ ನೆಮ್ಮದಿ ಅದರಿಂದಲೇ ಉಳಿಯಿತೆಂದು ಒಳಗೊಳಗೇ ಹೆಮ್ಮೆಪಟ್ಟಿದ್ದಳು. ಯಾರ ಬಳಿಯೂ ಹೇಳಿರಲಿಲ್ಲ.

"ನಿಂಗ್ಯಾರು ಹೇಳಿದ್ದು?"

"ಅವನೇ! ಕುಡಿಯೋಕೆ ಕೂತಾಗೆಲ್ಲ ಹೇಳಿ ನಗ್ತಿದ್ದ. ಇವಳು ಇವತ್ತು ಎಲ್ಲಿ ತಪ್ಪಿಡ್ತಾಳೆ ಅಂತ ಕಾಯೋದೇ ನಂಗೆ ಮಜಾ ಅಂತ. ಊರಿಗೆಲ್ಲ ಗೊತ್ತು."

ಹಿಂದಿದ್ದ ಐವರೂ ಕಿಸಕ್ಕನೆ ನಕ್ಕರು. ನಪ್ಶಾದಿಗೆ ಮತ್ಸೊಬಾನೆಯ ಮೇಲೆ ಹೇಸಿಗೆಯಾಯಿತು, ಗೋರಿಯಲ್ಲಿ ಮಲಗಿದವನ ಮೇಲೆ ಹೇಸಿಗೆಯಾಯಿತು. ಎಲ್ಲಕ್ಕಿಂತ ಹೆಚ್ಚು ಹೇಸಿಗೆಯಾದದ್ದು ಕಲ್ಲು ಹಿಡಿದಿದ್ದ ತನ್ನದೇ ಕೈಯ ಮೇಲೆ. ಎರಡು ಸಾವಿರ ಭಾನುವಾರ ಆ ಕೈ ತಪ್ಪಿಟ್ಟಿತ್ತು, ಯಾರದೋ ಮಜಕ್ಕೆ.

ಅವಳು ಕಲ್ಲಿಟ್ಟಳು. ಸಾಲು ಕೂಡಿತು. ಮತ್ಸೊಬಾನೆಯ ಹಸುವನ್ನೆತ್ತಿ ಪಕ್ಕಕ್ಕೆ ಹಾಕಿದಳು.

"ಇಬ್ಬರಿಗೂ ಚಪ್ಪಾಳೆ!" ಎಂದಳು ಖುತ್ಸೊ. ಮತ್ಸೊಬಾನೆ ಮೊಣಕಾಲು ಹಿಡಿದು ಏಳಲು ಹೊರಟ.

"ಕೂತ್ಕೋ," ಎಂದಳು ನಪ್ಶಾದಿ, ಬೇಲಿಯಾಚೆ ಹೋದದ್ದರ ಬದಲಿಗೆ ನೆಲದಿಂದೊಂದು ಕಲ್ಲು ಹೆಕ್ಕಿ, ಎಲ್ಲವನ್ನೂ ಮತ್ತೆ ಹನ್ನೆರಡು ಹನ್ನೆರಡಾಗಿ ವಿಂಗಡಿಸುತ್ತ.

"ಗೆದ್ದಾಯ್ತಲ್ಲ ಅಕ್ಕಾ, ನೀನೇ ಹೋಗು. ಇನ್ಯಾಕೆ?"

"ಈಗಿಂದು ನಿನ್ನ ಸೋಲು. ಇನ್ಮೇಲೆ ಲೆಸಿಬಾನ ಕಡೆಯಿಂದ ಆಡು."

ಅವನು ನಗಲು ನೋಡಿದ, ಅವಳ ಮುಖ ನೋಡಿ ಮತ್ತೆ ಕೂತ. ಬೆನ್ನ ಹಿಂದಿನವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಸಂಜೆಯೊಳಗೆ ಇನ್ನೂ ಆರು ಆಟ ನಡೆದವು. ಲೆಸಿಬಾ ಆರನ್ನೂ ಸೋತ.