ಸೀಮಂತದ ತುಷ್ಟಿಗುಣ

ನನಗ ಸಿಟ್ಟು ಮೂಗಿನ ತುದೀ ಮ್ಯಾಲೇ ಇರತದ. ಇದನ್ನ ಮೊದಲೇ ಹೇಳಿಬಿಡತೇನಿ, ಯಾಕಂದ್ರ ಮುಂದ ಹೇಳೂ ಮಾತಿನ್ಯಾಗ ತಪ್ಪು ಯಾರದು ಅಂತ ನೀವು ಹುಡುಕೂ ಕಾರಣ ಇಲ್ಲ. ಧಾರವಾಡದ ಒಂದು ಕಾಲೇಜಿನ್ಯಾಗ ಅರ್ಥಶಾಸ್ತ್ರ ಕಲಸಾಕ ಹತ್ತಿ ಇಪ್ಪತ್ತಾರು ವರ್ಷ ಆತು. ಅಷ್ಟೂ ವರ್ಷ, ಪ್ರತಿ ತಾಸಿನ ಕಡೀಕ, ಹಲಗಿ ಕಡಿಂದ ತಿರುಗಿ ಕನ್ನಡಕದ ಮ್ಯಾಲಿಂದ ನೋಡಿ, "ತಿಳೀತಿಲ್ಲೋ?" ಅಂತ ಕೇಳೇನಿ. "ಹೂಂ ರೀ ಸರ್" ಅಂತ ಇಡೀ ವರ್ಗ ಅಂದದ. ಒಬ್ಬರೂ ಒಮ್ಮೆಯೂ "ಇಲ್ರೀ" ಅಂದಿಲ್ಲ. ನಾನೂ ಭಾಳ ಛಲೋ ಮಾಸ್ತರ ಅಂತ ತಿಳಕೊಂಡು ಮನೀಗೆ ಹೋಗಿ ಚಹಾ ಕುಡದೇನಿ.

ಎರಡು ವರ್ಷದ ಹಿಂದ ಪ್ರಿನ್ಸಿಪಾಲರು ಕರದು, "ನಮ್ಮ ಹುಡುಗೂರಿಗೆ ಓದೂದು ಹ್ಯಾಂಗ ಅನ್ನೂದ ಗೊತ್ತಿಲ್ರಿ. ಅದನ್ನ ಕಲಸೂ ಒಂದು ಕೋರ್ಸ್ ಮಾಡ್ರಿ, ಮೊಬೈಲಿನ್ಯಾಗ. ಯಾರಿಗೆ ಯಾವಾಗ ವ್ಯಾಳ್ಯಾ ಸಿಗತದೋ ಆವಾಗ ನೋಡಕೋತಾರ" ಅಂದ್ರು. ನಮ್ಮಲ್ಲೆ ಹಳ್ಳಿಂದ ಬಸ್ಸಿನ್ಯಾಗ ಬರೋ ಹುಡುಗೂರು ಭಾಳ. ಬಸ್ಸು ತಪ್ಪಿತು ಅಂದ್ರ ಪಾಠನೂ ತಪ್ಪಿತು. ನನಗೂ ಹುರುಪು ಬಂತು. ನೋಟ್ಸ್ ಹ್ಯಾಂಗ ಬರಕೋಬೇಕು, ಪುಸ್ತಕ ಮುಚ್ಚಿ ಹ್ಯಾಂಗ ನೆನಪು ಮಾಡಕೋಬೇಕು, ಪ್ರಶ್ನೆಪತ್ರಿಕೆ ಹ್ಯಾಂಗ ಓದಬೇಕು, ಹಿಂಗ ಹತ್ತು ಪಾಠ. ಉದಾಹರಣಿ ಎಲ್ಲಾ ನನ್ನ ಅರ್ಥಶಾಸ್ತ್ರದ್ದ. ಮನ್ಯಾಗ ಫ್ಯಾನ್ ಆರಿಸಿ, ಕುಕ್ಕರ್ ಇಡಬ್ಯಾಡ ಅಂತ ಹೆಂಡತಿಗೆ ತಾಕೀತು ಮಾಡಿ, ರೆಕಾರ್ಡ್ ಮಾಡಿದೆ. ಪ್ರತಿ ಪಾಠದ ಕಡೀಕ ನನ್ನ ಮಾರಿ, ನನ್ನ ದನಿ: "ತಿಳೀತಿಲ್ಲೋ?" ಕೆಳಗ ಎರಡು ಬಟನ್, ಒಂದು 'ತಿಳೀತು', ಇನ್ನೊಂದು 'ತಿಳೀಲಿಲ್ಲ'. ತಿಳೀಲಿಲ್ಲ ಅಂತ ಒತ್ತಿದ್ರ ಅದೇ ಪಾಠ ಬ್ಯಾರೆ ಉದಾಹರಣಿ ಹಚ್ಚಿ, ಸಾವಕಾಶ ಮತ್ತೊಮ್ಮೆ ಬರತಿತ್ತು.

ತಿಂಗಳದಾಗ ಎಲ್ಲಾರೂ ಕೋರ್ಸ್ ಮುಗಿಸಿದ್ರು. 'ತಿಳೀಲಿಲ್ಲ' ಅನ್ನೂದನ್ನ ಒಬ್ಬರೂ ಒತ್ತಿರಲಿಲ್ಲ. ಸ್ಟಾಫ್ ರೂಮಿನ್ಯಾಗ ನನ್ನ ಕಾಲು ನೆಲದ ಮ್ಯಾಲೆ ಇರಲಿಲ್ಲ. ಆಮ್ಯಾಲೆ ಪರೀಕ್ಷಾದ ಫಲಿತಾಂಶ ಬಂತು, ನನ್ನ ವಿಷಯದಾಗ ಅರ್ಧಕ್ಕರ್ಧ ನಪಾಸು. "ಬೋರಲ ಕೊಡದ ಮ್ಯಾಲೆ ನೀರು ಸುರದಂಗ ಆತು ನೋಡು" ಅಂತ ಮನ್ಯಾಗ ಒದರಾಡಿದೆ. ಹೆಂಡತಿ ಜ್ವಾಳದ ಹಿಟ್ಟು ನಾದಕೋತ, ತಲೀನೂ ಎತ್ತದ, "ಕುಣೀಲಿಕ್ಕೆ ಬಾರದಾಕಿ ನೆಲ ಡೊಂಕು ಅಂದಿದ್ಲಂತ" ಅಂದ್ಲು. ಅವತ್ತು ಇಡೀ ದಿನ ನಾ ಆಕಿ ಜೋಡಿ ಮಾತಾಡಲಿಲ್ಲ.

ನಪಾಸಾದವರ ಪೈಕಿ ಉಪ್ಪಿನಬೆಟಗೇರಿಂದ ಬರೋ ಒಬ್ಬಾಕಿ ಇದ್ಲು. ಬಿ.ಎ. ಕಡೀ ವರ್ಷ. ಉಳದದ್ದೆಲ್ಲ ಪಾಸು, ಮೊದಲನೇ ವರ್ಷದ ಅರ್ಥಶಾಸ್ತ್ರ ಮಾತ್ರ ಮೂರು ಸಲ ಹೋಗಿತ್ತು. ಆಕಿಗೆ ಬಿ.ಎಡ್. ಮಾಡಿ ಸಾಲಿ ಟೀಚರ್ ಆಗಬೇಕು ಅಂತ ಆಸೆ. ಅವರ ಮನ್ಯಾಗ ಕಾಲೇಜಿನ ಮೆಟ್ಟಲ ಹತ್ತಿದಾಕಿ ಆಕಿನ ಮೊದಲು. "ಈ ಸಲ ಆದ್ರ ಆತು, ಇಲ್ಲಂದ್ರ ಸಾಕು ಮಾಡು" ಅಂತ ಅವರಪ್ಪ ಹೇಳಿದ್ನಂತ. ಮುಂದಿನ ಪರೀಕ್ಷಾಕ್ಕ ಎರಡು ತಿಂಗಳಿತ್ತು.

ಒಂದಿನ ಕಂಪ್ಯೂಟರ್ ಖೋಲ್ಯಾಗ ಆಕಿ ಒಬ್ಬಾಕಿನ ಕೂತು ನನ್ನ ಪಾಠ ಮತ್ತ ನೋಡಾಕತ್ತಿದ್ಲು. ನಾ ಸದ್ದು ಮಾಡದ ಹಿಂದ ನಿಂತೆ. ಪರದೆ ಮ್ಯಾಲೆ ನಾನು "ತಿಳೀತಿಲ್ಲೋ?" ಅಂದೆ. ಆಕಿ ದುಪಟ್ಟಾ ಸರಿ ಮಾಡಕೊಂಡು, ನೆಟ್ಟಗ ಕೂತು, "ಹೂಂ ರೀ ಸರ್" ಅಂತ ಪರದೆಗೆ ಹೇಳಿ 'ತಿಳೀತು' ಒತ್ತಿದ್ಲು.

"ಖರೇನ ತಿಳೀತೇನವಾ?" ಅಂದೆ. ಗಾಬರಿ ಆಗಿ ಎದ್ದು ನಿಂತ್ಲು.

"ಇಲ್ರಿ ಸರ್."

"ಮತ್ತ ಹೂಂ ಯಾಕಂದಿ?"

"ನೀವು ಕೇಳಿದ್ರಲ್ರಿ. ನಿಮ್ಮ ಮಾರಿ ನೋಡಿ ಇಲ್ಲ ಅನ್ನೂದು ಹ್ಯಾಂಗ್ರಿ?"

"ಅದು ನಾ ಅಲ್ಲವಾ, ಮಷೀನು."

"ಹೌದ್ರಿ. ಆದ್ರ ಸಿಟ್ಟು ನಿಮ್ಮದ ಐತಲ್ರಿ."

ನನಗ ಮೊದಲು ಸಿಟ್ಟ ಬಂತು. ಆಮ್ಯಾಲೆ ನಾಚಿಕಿ ಬಂತು. ಕುರ್ಚಿ ಎಳಕೊಂಡು ಕೂತು, "ಯಾವುದು ತಿಳೀಲಿಲ್ಲ ಹೇಳು" ಅಂದೆ. "ಸೀಮಂತ ಅಂದ್ರ ಏನ್ರಿ ಸರ್, ಇದರಾಗ?" ಅಂತ ನೋಟ್‌ಬುಕ್ ತಗದು ತೋರಿಸಿದ್ಲು. ಮುತ್ತಿನಂಥ ಅಕ್ಷರದಾಗ 'ಇಳಿಮುಖ ಸೀಮಂತ ತುಷ್ಟಿಗುಣ ನಿಯಮ' ಅಂತ ಬರದಿತ್ತು. ಪುಸ್ತಕದಾಗ ಇದ್ದದ್ದು ಸೀಮಾಂತ. ಒಂದು ದೀರ್ಘ ಬಿಟ್ಟು, ಮೂರು ವರ್ಷದಿಂದ ಆಕಿ ಅದನ್ನ ಹಂಗ ಬಾಯಿಪಾಠ ಮಾಡಿದ್ಲು.

ನಗು ತಡಕೊಂಡು, "ನೀ ಏನಂತ ತಿಳಕೊಂಡಿದ್ದಿ?" ಅಂತ ಕೇಳಿದೆ.

"ಕುಬಸದ್ದು ಅಂತ ತಿಳಕೊಂಡಿದ್ದೆ ರಿ. ಬಸರಿ ಹೆಣ್ಮಗಳನ್ನ ಕೂಡಿಸಿ ಎಲ್ಲಾರೂ ಉಣಸ್ತಾರಲ್ರಿ. ಮೊದಲನೇ ಹೋಳಿಗಿ ಖುಷೀಲೆ ತಿಂತಾಳ. ಎರಡನೇದು ಅತ್ತಿ ಹಾಕಿದ್ರಂತ ತಿಂತಾಳ. ಮೂರನೇದಕ್ಕ ಸಾಕು ಅಂತಾಳ. ಐದನೇದು ಬಾಯಿಗೆ ಹಚ್ಚಿದ್ರ ವಾಂತಿ ಬರತದ. ಇದು ಅರ್ಥಶಾಸ್ತ್ರದಾಗ ಯಾಕ ಐತಿ ಅಂತ ತಿಳೀಲಿಲ್ಲ. ತಪ್ಪಿರಬೇಕು ಅಂತ ಪರೀಕ್ಷಾದಾಗ ಬರೀಲಿಲ್ರಿ."

ಈ ನಿಯಮ ಹೇಳಾಕ ನಾ ಪ್ರತಿ ವರ್ಷ ಹಲಗಿ ಮ್ಯಾಲೆ ಸೇಬುಹಣ್ಣಿನ ಕೋಷ್ಟಕ ಹಾಕೇನಿ, ಗೆರಿ ಎಳದೇನಿ. ಇಷ್ಟು ಸಾಫ್ ಒಮ್ಮೆಯೂ ಹೇಳಿಲ್ಲ. "ತಂಗಿ, ನೀ ಹೇಳಿದ್ದ ನಿಯಮ ಅದ. ಇದನ್ನ ಬರದಿದ್ರ ಎಂದೋ ಪಾಸಾಗತಿದ್ದಿ" ಅಂದೆ. ಆಕಿ ನಂಬಲಿಲ್ಲ. ಊರ ಸೀಮಿ ಅಂತೇವಲ್ಲ, ಆ ಸೀಮಿ ಎಲ್ಲಿ ಮುಗೀತದೋ ಅದು ಸೀಮಾಂತ. ಕಟ್ಟಕಡೀ ಹೋಳಿಗಿಂದ ಎಷ್ಟು ಖುಷಿ ಸಿಕ್ಕಿತೋ ಅದು ಸೀಮಾಂತ ತುಷ್ಟಿಗುಣ, ಅಂತ ಬಿಡಿಸಿ ಹೇಳಿದೆ. ಹೇಳಿ ಮುಗಿಸಿ, ಚಟಕ್ಕ "ತಿಳೀತಿಲ್ಲೋ" ಅಂತ ಬಾಯಿತನಕ ಬಂದದ್ದನ್ನ ನುಂಗಿ, "ಈಗ ನೀ ನನಗ ಹೇಳು" ಅಂದೆ. ಹೇಳಕೋತ ಹೇಳಕೋತ ಆಕಿ ಕಣ್ಣಾಗ ನೀರು ಬಂತು. "ನಾ ದಡ್ಡಿ ಅಂತ ಮಾಡಿದ್ದೆ ರಿ" ಅಂದ್ಲು. ನನಗ ಭಾಳ ಕೆಟ್ಟ ಅನಿಸ್ತು.

ಆ ವಾರ ಹತ್ತೂ ಪಾಠದ ಕಡೀ ಮಾತು ಕಿತ್ತು ಹಾಕಿದೆ, ನನ್ನ ಮಾರಿನೂ ತಗದೆ. "ಎಲ್ಲಿ ಸಿಕ್ಕೊಂಡ್ರಿ, ನಿಮ್ಮ ಮಾತಿನ್ಯಾಗ ಹೇಳ್ರಿ" ಅಂತ ಆಕೀ ದನೀಲೇ ಹೇಳಿಸಿದೆ. ಪ್ರಶ್ನೆ ಬರಾಕ ಚಾಲೂ ಆದ್ವು. ಕೆಲವಕ್ಕ ನನಗ ಉತ್ತರ ಬರಲಿಲ್ಲ, ಲೈಬ್ರರಿಗೆ ಹೋಗಿ ಕೂಡಬೇಕಾತು. "ಈ ವಯಸ್ಸಿನ್ಯಾಗ ಯಾವ ಪರೀಕ್ಷಾ ಕಟ್ಟೀರಿ?" ಅಂತ ಹೆಂಡತಿ ಕಾಡಿಸಿದ್ಲು. ಉಪ್ಪಿನಬೆಟಗೇರಿ ಹುಡುಗಿ ಮಾತ್ರ ಯಾರ ಅವಸರಕ್ಕೂ ಬೀಳಲಿಲ್ಲ. ಒಂದೊಂದು ಪಾಠಕ್ಕ ನಾಕು ದಿನ, ಐದು ದಿನ ಕೂತ್ಲು. ಪರೀಕ್ಷಾ ಬರೂದ್ರೊಳಗ ಎಲ್ಲಾ ಮುಗೀತದೋ ಇಲ್ಲೋ ಅಂತ ದಿನಾ ಕ್ಯಾಲೆಂಡರ್ ನೋಡಾಂವ ನಾ ಇದ್ದೆ, ಆಕಿ ಅಲ್ಲ.

ಫಲಿತಾಂಶ ಬಂದ ದಿನ ನಮ್ಮ ಓಣ್ಯಾಗ ನಳ ಬಂದಿತ್ತು. ಬರೂದು ವಾರಕ್ಕೊಮ್ಮೆ, ನಾ ಕೊಡ ತುಂಬಾಕ ನಿಂತಿದ್ದೆ. ಫೋನ್ ಬಂತು.

"ಸರ್, ಪಾಸಾದೆ ರಿ. ಬಿ.ಎಡ್.ಗೆ ಅರ್ಜಿ ಹಾಕು ಅಂತ ಅಪ್ಪಾನ ಹೇಳ್ಯಾನ್ರಿ."

"ಭಾಳ ಛಲೋ ಆತವಾ" ಅಂದೆ. ಆಕಿ ಫೋನ್ ಇಡಲಿಲ್ಲ.

"ಸರ್, ಇನ್ನೊಂದು ಮಾತ್ರಿ. ನೀರಿಲ್ದ ಬದುಕಾಕ ಆಗೂದಿಲ್ಲ, ಬಂಗಾರ ಇಲ್ದ ಬದುಕತೇವಿ, ಆದ್ರೂ ಬಂಗಾರ ಯಾಕ ತುಟ್ಟಿ ಅಂತ ಒಂದು ಪ್ರಶ್ನೆ ಇತ್ತಲ್ರಿ. ಬರದೇನಿ. ಮಾರ್ಕ್ಸೂ ಬಂದಿರಬೇಕು. ಆದ್ರ ಅದು ನನಗ ತಿಳೀಲಿಲ್ರಿ."

ಪಾಸಾದ ಮ್ಯಾಲೆ ನನಗ ಹಿಂಗ ಅಂದಾಕಿ ಈಕಿನ ಮೊದಲು. ಕೊಡ ತುಂಬಿ ಹರದಿತ್ತು, ಹೆಂಡತಿ ಒಳಗಿಂದ ಬೈಯಾಕತ್ತಿದ್ಲು. ನಾಳೆ ಬಾ ಅನ್ನಾಕ ಹೋದಾಂವ, "ತಡಿ, ಈಗ ಹೇಳತೇನಿ" ಅಂತ ನಳದ ಕಟ್ಟೀ ಮ್ಯಾಲೆ ಕೂತೆ.