ಬಂದೆ, ಬಂದೆ

ಪಾಪದಲ್ಲಿ ಅರ್ಧ ಪಾಲು ನನ್ನದು. ಆ ಕಾಲಿಂಗ್ ಬೆಲ್ ತರಿಸಿದವಳು ನಾನೇ.

ಧನಂಜಯಣ್ಣ ಭದ್ರಾವತಿಯವರು. ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಗೆ ಕ್ರೇನ್ ನಡೆಸಲು ಬಂದು, ಅಲ್ಲೇ ನಿವೃತ್ತರಾಗಿ, ದುವ್ವಾಡ ಸ್ಟೇಷನ್ ಹತ್ತಿರ ಫ್ಲ್ಯಾಟ್ ಕೊಂಡವರು. ಹೆಂಡತಿ ರತ್ನಮ್ಮ ತೀರಿಕೊಂಡು ಆರು ವರ್ಷ. ಮಕ್ಕಳಿಲ್ಲ. ನಾನು ಹೇಮಾಕ್ಷಿ, ದಾವಣಗೆರೆಯವಳು, ಔಷಧಿ ಕಂಪನಿಯ ಕೆಲಸಕ್ಕೆಂದು ಬಂದು ಅವರ ಎದುರು ಮನೆಯಲ್ಲಿ ಬಾಡಿಗೆಗಿದ್ದೇನೆ. ಇಡೀ ಕಟ್ಟಡದಲ್ಲಿ ಅವರಿಗೆ ಕನ್ನಡದಲ್ಲಿ ಬೈಯಲು ಸಿಗುವವಳು ನಾನೊಬ್ಬಳೇ. ಬೈಸಿಕೊಂಡು ಸುಮ್ಮನಿರುವವಳೂ ನಾನಲ್ಲ.

ಅವರಿಗಿದ್ದ ಒಬ್ಬನೇ ಗೆಳೆಯ ಜಗನ್ಮೋಹನ್. ಇಪ್ಪತ್ತೆರಡು ವರ್ಷ ಒಂದೇ ಪಾಳಿ, ಒಂದೇ ಬೆಂಚಿನಲ್ಲಿ ಊಟ. ನಿವೃತ್ತಿಯ ದಿನ ಎಲ್ಲರೆದುರು ಆತ ಇವರ ತೆಲುಗನ್ನು ಅಣಕಿಸಿದನಂತೆ. ಇವರಿಗೋ ಮೂಗಿನ ತುದಿಯಲ್ಲೇ ಕೋಪ. "ಇಂಕ ಮನ ಮಾಟಲು ಬಂದ್," ಇನ್ನು ನಮ್ಮ ಮಾತುಕತೆ ಬಂದ್, ಎಂದು ಎದ್ದು ಬಂದರು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ರತ್ನಮ್ಮ ಹೋದಾಗಲೂ ಆತ ಬರಲಿಲ್ಲ.

"ಅವನೊಂದು ಸಲ ಬಂದು ಹೋಗಲಿ ಕಣಮ್ಮ, ಸಾಕು," ಎಂದು ಒಮ್ಮೆ ನನ್ನೆದುರೇ ಅತ್ತಿದ್ದರು. ನೀವೇ ಹೋಗಿ ಅಂದರೆ ಮುಖ ತಿರುಗಿಸುತ್ತಿದ್ದರು.

ಈಚೆಗೆ ಮಂಡಿ ಬೇರೆ ಕೈಕೊಟ್ಟಿತ್ತು. ಕುರ್ಚಿಯಿಂದೆದ್ದು ಬಾಗಿಲು ತೆಗೆಯುವಷ್ಟರಲ್ಲಿ ಗ್ಯಾಸಿನವನು ಹೋಗಿಬಿಟ್ಟಿರುತ್ತಿದ್ದ. "ವಾರಕ್ಕೊಬ್ಬರು ಬರೋದೇ ಹೆಚ್ಚು. ಅವರೂ ನಿಲ್ಲಲ್ಲ," ಎಂದು ಗೊಣಗುತ್ತಿದ್ದರು. ಅದಕ್ಕೇ ಬೇಕಾದ ಸದ್ದು ತುಂಬಿಕೊಳ್ಳುವ ಬೆಲ್ ತರಿಸಿ, ಹೊರಗೆ ನಿಂತವರಿಗೂ ಕೇಳುವಂತೆ ಅದರ ಡಬ್ಬಿಯನ್ನು ಬಾಗಿಲ ಮೇಲೆಯೇ ಹಾಕಿಸಿದೆ. ಕೋಗಿಲೆ, ವೀಣೆ, ಮಗುವಿನ ನಗು, ಎಲ್ಲ ಕೇಳಿಸಿದೆ.

"ಮಗು ನಗೋದು ಬೇಡ," ಎಂದು ಅವರು ನೆಲ ನೋಡಿದರು. "ನನ್ನ ದನಿಯೇ ಇರಲಿ. ಒಳಗೆ ಜನ ಇದ್ದಾರೆ ಅಂತ ನಿಲ್ತಾರೆ."

ಗಂಟಲು ಸರಿಮಾಡಿಕೊಂಡು "ಬಂದೆ, ಬಂದೆ" ಎಂದು ತುಂಬಿದರು. ಇನ್ನೂ ಎದ್ದೇ ಇರುವುದಿಲ್ಲ, ನಾವೆಲ್ಲ ಒಳಗಿನಿಂದ ಹಾಗೆ ಕೂಗುವುದಿಲ್ಲವೇ. ಮರುದಿನ ಗ್ಯಾಸಿನವನು ಅರ್ಥವಾಗದೆ ಬಾಯಿ ಬಿಟ್ಟು ನಿಂತ. ನಿಂತನಲ್ಲ, ಅಷ್ಟು ಸಾಕು ಎಂದು ಇಬ್ಬರೂ ನಕ್ಕೆವು.

ನಾನು ಹತ್ತು ದಿನ ಊರಿಗೆ ಹೋಗಿ ಬಂದಾಗ ಗೇಟಿನಲ್ಲೇ ವಾಚ್‌ಮನ್ ಜಗದೀಶ್ ತಡೆದ. ಜಗನ್ಮೋಹನ್ ಬಂದಿದ್ದರಂತೆ. ವಿಜಯವಾಡದ ಮಗನ ಮನೆಗೆ ಕಾಯಂ ಹೊರಟಿದ್ದರು, ಹೇಳಿ ಹೋಗಲು ಬಂದವರು. ಮೂರು ಸಲ ಬೆಲ್ ಒತ್ತಿ, ಕಣ್ಣೊರೆಸಿಕೊಂಡು ಇಳಿದರಂತೆ.

"ಇಂಕಾ ಬಂದೇ ಅಂಟುನ್ನಾಡು, ಅನ್ನಾರು ಮೇಡಂ."

ಇನ್ನೂ ಬಂದ್ ಅಂತಲೇ ಅನ್ನುತ್ತಿದ್ದಾನೆ. ನಮ್ಮ ಕನ್ನಡದ 'ಬಂದೆ' ಆತನ ತೆಲುಗು ಕಿವಿಗೆ, ಮಾತುಕತೆ ಬಂದ್ ಎಂದ ಆ ಹಳೆಯ 'ಬಂದ್' ಆಗಿ ಕೇಳಿಸಿತ್ತು. ಇಷ್ಟು ವರ್ಷ ತೆಲುಗಿನವರ ನಡುವೆ ಇದ್ದೂ ನನಗಿದು ಹೊಳೆಯಲಿಲ್ಲ, ನನ್ನ ತಲೆಗಿಷ್ಟು ಬೆಂಕಿ ಹಾಕ.

ಧನಂಜಯಣ್ಣನಿಗೆ ಹೇಳಿದೆ. ಅವತ್ತು ಬಾಗಿಲು ತೆಗೆದಾಗ ಯಾರೂ ಇರಲಿಲ್ಲವಂತೆ, ಕೊರಿಯರ್‌ನವನಿರಬೇಕು ಅಂದುಕೊಂಡಿದ್ದರು. ಅವರು ಮಂಡಿಯನ್ನೂ ಲೆಕ್ಕಿಸದೆ ಸ್ಟೂಲ್ ಹತ್ತಿ ಡಬ್ಬಿ ಕಿತ್ತು, ಸಂಜೆಯವರೆಗೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

"ನನ್ನ ದನೀನೇ ಓಡಿಸ್ತಲ್ಲ ಅವನನ್ನ," ಎಂದರು. ಆಮೇಲೆ, "ಟಿಕೆಟ್ ಮಾಡಿಸು."

ಜಗನ್ಮೋಹನ್ ಬಿಟ್ಟುಹೋದ ವಿಳಾಸ ಜಗದೀಶ್ ಬಳಿ ಇತ್ತು. ರೈಲಿನುದ್ದಕ್ಕೂ ಅವರ ತುಟಿ ತೆಲುಗು ವಾಕ್ಯಗಳನ್ನು ಉರು ಹೊಡೆಯುತ್ತಿತ್ತು. ವಿಜಯವಾಡದ ಬೆಂಜ್ ಸರ್ಕಲ್ ಹಿಂದಿನ ಗಲ್ಲಿಯ ಮನೆಯೆದುರು ನಿಂತು ಬೆಲ್ ಒತ್ತಿದರು. ಟಿಂಗ್ ಟಾಂಗ್ ಎಂಬ ಸಾದಾ ಬೆಲ್.

"ಎವರು?" ಯಾರು, ಎಂದು ಒಳಗಿನಿಂದ ಮುದಿ ದನಿ.

ಉರು ಹೊಡೆದದ್ದೆಲ್ಲ ಮರೆತುಹೋಯಿತು. "ಬಂದೆ ಕಣೋ ಜಗನ್," ಎಂದರು. "ಬಂದೆ."

ಮಗ ಸೊಸೆ ಕೆಲಸಕ್ಕೆ ಹೋಗಿರಬೇಕು.

"ಇಂಕಾ ಬಂದೇನಾ?" ಇನ್ನೂ ಬಂದ್ ಏನಾ, ಎಂದಿತು ಆ ದನಿ.

"ಕಾದು ರಾ," ಅಲ್ಲ ಕಣೋ, ಎಂದು ಧನಂಜಯಣ್ಣ ಅತ್ತರು. "ವಚ್ಚಾನು," ಬಂದಿದ್ದೇನೆ.

ಚಪ್ಪಲಿ ಎಳೆಯುವ ಸದ್ದು ಶುರುವಾಯಿತು. ಒಂದು ಹೆಜ್ಜೆ, ತುಸು ನಿಂತು ಇನ್ನೊಂದು. ಆತನ ಮಂಡಿಯೂ ಹೋಗಿತ್ತು.

"ನಿಧಾನಕ್ಕೆ ಬಾರಯ್ಯ," ಎಂದು ಧನಂಜಯಣ್ಣ ಬಾಗಿಲಿಗೆ ಕೈಯಿಟ್ಟರು. "ನಾನು ಎಲ್ಲೂ ಹೋಗಲ್ಲ."

ಅದನ್ನು ಅವರು ಕನ್ನಡದಲ್ಲೇ ಹೇಳಿದರು.